ಯಾವ ಪದರ, ಯಾವ ಕೋಶ? ಮುಖಕ್ಕೆ ಹಚ್ಚುವ ಮುನ್ನ ಚರ್ಮದೊಳಗೆ ಇಳಿದು ನೋಡೋಣ

ಅಕ್ಕನ ಮಗಳಿಗೆ ಈಗ 12 ವರ್ಷ. ಈಚೆಗೆ ಅವರ ಮನೆಗೆ ಹೋದಾಗ ಅವಳ ಎರಡೂ ಕೆನ್ನೆ ಕೆಂಪಗಿದ್ದವು. ಮೂಗಿನ ಪಕ್ಕದಲ್ಲಿ ತೆಳ್ಳಗೆ ಹೊಟ್ಟು ಎದ್ದಿತ್ತು. "ಚಿಕ್ಕಮ್ಮಾ, ಬರೀ ನೀರು ಹಾಕಿದ್ರೂ ಉರಿಯುತ್ತೆ" ಅಂದಳು. ಕನ್ನಡಿಯ ಕೆಳಗೆ ಸಾಲಾಗಿ ಆರು ಬಾಟಲಿಗಳಿದ್ದವು. ಫೇಸ್‌ವಾಶ್, ಸ್ಕ್ರಬ್, ಗ್ಲೈಕೋಲಿಕ್ ಆ್ಯಸಿಡ್ ಇರುವ ಟೋನರ್, ವಿಟಮಿನ್ ಸಿ ಸೀರಮ್, ರೆಟಿನಾಲ್ ಸೀರಮ್, ಎಲ್ಲದರ ಮೇಲೆ ಒಂದು ಕ್ರೀಮ್. ದಿನಕ್ಕೆರಡು ಸಲ ಹಚ್ಚುತ್ತಿದ್ದಳಂತೆ. ಸನ್‌ಸ್ಕ್ರೀನ್ ಮಾತ್ರ ಇರಲಿಲ್ಲ.

ಇದು ಅವಳೊಬ್ಬಳ ಕಥೆಯಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 7ರಿಂದ 18 ವರ್ಷದ ಹುಡುಗಿಯರು ಟಿಕ್‌ಟಾಕ್‌ನಲ್ಲಿ ಹಾಕಿದ್ದ 100 ವಿಡಿಯೋಗಳನ್ನು ಕೂತು ನೋಡಿದರು. 2025ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮಕ್ಕಳು ಮುಖಕ್ಕೆ ಸರಾಸರಿ ಆರು ಬಗೆಯ ಉತ್ಪನ್ನ ಹಚ್ಚುತ್ತಿದ್ದರು. ಹಗಲಿನ ಆರೈಕೆಯ ವಿಡಿಯೋಗಳಲ್ಲಿ ಸನ್‌ಸ್ಕ್ರೀನ್ ಕಾಣಿಸಿದ್ದು ಶೇ 26ರಷ್ಟರಲ್ಲಿ ಮಾತ್ರ. ನಮ್ಮ ಹುಡುಗಿಯ ಕನ್ನಡಿಯ ಕೆಳಗಿದ್ದದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ.

ಮಕ್ಕಳನ್ನು ಬೈದರೆ ಏನೂ ಆಗುವುದಿಲ್ಲ. ಅವರು ಕಲಿತದ್ದು ದೊಡ್ಡವರನ್ನು ನೋಡಿಯೇ. ಉಜ್ಜಿದಷ್ಟೂ ಸ್ವಚ್ಛ, ಹಚ್ಚಿದಷ್ಟೂ ಒಳ್ಳೇದು ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ಚರ್ಮದೊಳಗೆ ಏನಿದೆ ಅಂತ ಶಾಲೆಯಲ್ಲಿ ಒಂದು ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಅಲ್ಲಿಗೇ ಮರೆತವರು ನಾವು. ಆ ಚಿತ್ರವನ್ನು ಮತ್ತೆ ತೆಗೆದು ನೋಡುವ ಹೊತ್ತು ಬಂದಿದೆ. ಬಾಟಲಿಯಲ್ಲಿ ಇರುವುದು ಯಾವ ಪದರದವರೆಗೆ ಹೋಗುತ್ತದೆ? ಅಲ್ಲಿ ಯಾವ ಕೋಶವನ್ನು ಮುಟ್ಟುತ್ತದೆ? ಈ ಎರಡು ಪ್ರಶ್ನೆ ಕೇಳಿದರೆ ಸಾಕು, ಜಾಹೀರಾತಿನ ಅರ್ಧ ಮಾತು ಅಲ್ಲೇ ಉದುರಿಹೋಗುತ್ತದೆ.

ಅಂಟುಪಟ್ಟಿಯ ಮೇಲೆ ಏನು ಬಂತು?

ಒಂದು ತುಂಡು ಪಾರದರ್ಶಕ ಅಂಟುಪಟ್ಟಿ ತೆಗೆದುಕೊಳ್ಳಿ. ಮುಂಗೈ ಮೇಲೆ ಅಂಟಿಸಿ, ಮೆಲ್ಲಗೆ ಕಿತ್ತು, ಬೆಳಕಿಗೆ ಹಿಡಿಯಿರಿ. ಮಂಜಿನ ಹಾಗೆ ಒಂದು ಮಬ್ಬು ಕಾಣುತ್ತದೆ. ಚರ್ಮದ ಸಣ್ಣ ಸಣ್ಣ ಗೆರೆಗಳ ಅಚ್ಚೂ ಅದರ ಮೇಲೆ ಬಿದ್ದಿರುತ್ತದೆ. ಆ ಮಬ್ಬು ಸತ್ತ ಕೋಶಗಳದ್ದು. ಸೂಕ್ಷ್ಮದರ್ಶಕದಲ್ಲಿ ಅವು ಹೆಂಚಿನ ಹಾಗೆ ಚಪ್ಪಟೆಯಾಗಿ, ಆರು ಮೂಲೆಯವಾಗಿ ಕಾಣುತ್ತವೆ. ಒಂದೊಂದರ ಅಗಲ ಸುಮಾರು 30 ಮೈಕ್ರಾನ್, ದಪ್ಪ ಒಂದು ಮೈಕ್ರಾನ್‌ಗಿಂತ ಕಡಿಮೆ. ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

ಸಂಶೋಧಕರು ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ. ಒಂದೇ ಜಾಗದಲ್ಲಿ ಹೊಸ ಹೊಸ ಪಟ್ಟಿ ಅಂಟಿಸಿ ಕೀಳುತ್ತಾ ಹೋಗುತ್ತಾರೆ. ಮೊದಮೊದಲು ಏನೂ ಅನ್ನಿಸುವುದಿಲ್ಲ. ಸುಮಾರು ಸಲ ಕಿತ್ತ ಮೇಲೆ ಆ ಜಾಗ ಕೆಂಪಾಗಿ, ಹೊಳೆಯತೊಡಗಿ, ಉರಿಯುತ್ತದೆ. ಅಲ್ಲಿಂದ ಆವಿಯಾಗಿ ಹೋಗುವ ನೀರನ್ನು ಅಳೆದರೆ, ಪಕ್ಕದ ಚರ್ಮಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಸತ್ತದ್ದು ಅಂತ ನಾವು ಉಜ್ಜಿ ಬಿಸಾಡುವ ಪದರವೇ ಇಷ್ಟು ಹೊತ್ತು ನೀರನ್ನು ಹಿಡಿದಿಟ್ಟಿತ್ತು.

ಇದರ ದಪ್ಪ ಎಷ್ಟು ಗೊತ್ತಾ? ಅಂಗೈ, ಅಂಗಾಲು ಬಿಟ್ಟರೆ ಮೈಮೇಲೆ ಹೆಚ್ಚಿನ ಕಡೆ 10ರಿಂದ 20 ಮೈಕ್ರಾನ್. ತಲೆಗೂದಲಿಗಿಂತ ತೆಳು. ಇಷ್ಟರೊಳಗೇ ಹದಿನೈದು ಇಪ್ಪತ್ತು ಸಾಲು ಸತ್ತ ಕೋಶಗಳು ಒತ್ತಾಗಿ ಕೂತಿವೆ. ಮೈ ಪೂರ್ತಿ ಸುಟ್ಟವರು ಮೊದಲು ನೀರಿನಂಶ ಕಳೆದುಕೊಂಡು ಸಾವಿನ ಅಂಚಿಗೆ ಹೋಗುವುದು, ತಿಂಗಳು ತುಂಬದೆ ಹುಟ್ಟಿದ ಮಗುವನ್ನು ತೇವ ತುಂಬಿದ ಪೆಟ್ಟಿಗೆಯಲ್ಲಿ ಇಡುವುದು, ಎರಡಕ್ಕೂ ಈ ತೆಳುವಾದ ಪದರ ಇಲ್ಲದಿರುವುದು ಒಂದು ಕಾರಣ. ಒಬ್ಬರಲ್ಲಿ ಅದು ಹೋಗಿದೆ, ಇನ್ನೊಬ್ಬರಲ್ಲಿ ಇನ್ನೂ ಬೆಳೆದಿಲ್ಲ.

ಒಂದು ಕೋಶದ ನಾಲ್ಕು ವಾರ

ಈ ಹೆಂಚುಗಳು ಎಲ್ಲಿಂದ ಬಂದವು? ಚರ್ಮದ ಹೊರಭಾಗಕ್ಕೆ ಎಪಿಡರ್ಮಿಸ್ ಅನ್ನುತ್ತಾರೆ. ಕಣ್ಣರೆಪ್ಪೆಯ ಮೇಲೆ ಇದರ ದಪ್ಪ ಸುಮಾರು 0.05 ಮಿಲಿಮೀಟರ್, ಅಂಗಾಲಿನಲ್ಲಿ 1.5 ಮಿಲಿಮೀಟರ್‌ವರೆಗೂ ಇರುತ್ತದೆ. ಇದರಲ್ಲಿ ರಕ್ತನಾಳವೇ ಇಲ್ಲ. ಇಲ್ಲಿನ ಕೋಶಗಳಲ್ಲಿ ಹತ್ತಕ್ಕೆ ಒಂಬತ್ತು ಕೆರಾಟಿನೋಸೈಟ್‌ಗಳು. ಉಳಿದವರೆಲ್ಲ ಇವರ ನಡುವೆ ಅಲ್ಲಲ್ಲಿ ಮನೆ ಮಾಡಿಕೊಂಡವರು.

ಎಪಿಡರ್ಮಿಸ್‌ನ ತಳದಲ್ಲಿ ಒಂದೇ ಸಾಲು ಕೋಶಗಳಿವೆ. ಎಲ್ಲವೂ ಹುಟ್ಟುವುದು ಇಲ್ಲಿ. ಒಂದು ಕೋಶ ಎರಡಾಗುತ್ತದೆ. ಒಂದು ಅಲ್ಲೇ ಉಳಿಯುತ್ತದೆ, ಇನ್ನೊಂದು ಮೇಲಕ್ಕೆ ಹೊರಡುತ್ತದೆ. ಮೊದಲ ಹಂತದಲ್ಲಿ ಅದು ಅಕ್ಕಪಕ್ಕದ ಕೋಶಗಳ ಜೊತೆ ಗುಂಡಿ ಹಾಕಿದ ಹಾಗೆ ಬಿಗಿಯಾಗಿ ಸೇರಿಕೊಳ್ಳುತ್ತದೆ. ಈ ಗುಂಡಿಗಳಿಗೆ ಡೆಸ್ಮೋಸೋಮ್ ಅಂತ ಹೆಸರು. ಸೂಕ್ಷ್ಮದರ್ಶಕಕ್ಕೆ ತಯಾರು ಮಾಡುವಾಗ ಕೋಶಗಳು ಕುಗ್ಗುತ್ತವೆ, ಗುಂಡಿಗಳು ಮಾತ್ರ ಬಿಡುವುದಿಲ್ಲ. ಆಗ ಕೋಶದ ಸುತ್ತ ಮುಳ್ಳೆದ್ದ ಹಾಗೆ ಕಾಣುವುದರಿಂದ ಈ ಹಂತಕ್ಕೆ ಮುಳ್ಳುಪದರ ಅನ್ನುತ್ತಾರೆ. ಪೆಂಫಿಗಸ್ ಎಂಬ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಈ ಗುಂಡಿಗಳ ಮೇಲೆ ದಾಳಿ ಮಾಡುತ್ತದೆ. ಗುಂಡಿ ಬಿಚ್ಚಿದ ಕಡೆ ನೀರುಗುಳ್ಳೆ ಏಳುತ್ತದೆ.

ಇನ್ನೂ ಮೇಲಕ್ಕೆ ಬಂದರೆ ಹರಳುಪದರ. ನನಗೆ ಇಡೀ ಚರ್ಮದಲ್ಲಿ ಅತಿ ಹೆಚ್ಚು ಬೆರಗು ಹುಟ್ಟಿಸುವ ಜಾಗ ಇದು. ಇಲ್ಲಿಗೆ ಬಂದ ಕೋಶಕ್ಕೆ ಸಾಯುವ ಹೊತ್ತು ಹತ್ತಿರವಾಗಿರುತ್ತದೆ. ಸಾಯುವ ಮುಂಚೆ ಅದು ತನ್ನೊಳಗಿನ ಸಣ್ಣ ಚೀಲಗಳಲ್ಲಿ ಕೂಡಿಟ್ಟಿದ್ದ ಕೊಬ್ಬನ್ನೆಲ್ಲ ಹೊರಗೆ ಸುರಿಯುತ್ತದೆ. ಒಳಗೆ ಫಿಲಾಗ್ರಿನ್ ಎಂಬ ಪ್ರೋಟೀನು ಕೆರಾಟಿನ್ ಎಳೆಗಳನ್ನು ಕಟ್ಟು ಕಟ್ಟಾಗಿ ಬಿಗಿದು ಕೋಶವನ್ನು ಚಪ್ಪಟೆ ಮಾಡುತ್ತದೆ. ಕೊನೆಗೆ ನ್ಯೂಕ್ಲಿಯಸ್ ಕೂಡ ಕರಗಿಹೋಗುತ್ತದೆ. ಉಳಿಯುವುದು ಗಟ್ಟಿ ಹೆಂಚು, ಅದರ ಸುತ್ತ ಕೊಬ್ಬಿನ ಗಾರೆ. ತಳದಿಂದ ಹೊರಟು, ಹೆಂಚಾಗಿ, ಮೇಲಿಂದ ಉದುರುವವರೆಗೆ ಸುಮಾರು ನಾಲ್ಕರಿಂದ ಆರು ವಾರ. ವಯಸ್ಸಾದಂತೆ ಇನ್ನೂ ನಿಧಾನ.

ಆ ಗಾರೆಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಸೆರಮೈಡ್ ಎಂಬ ಕೊಬ್ಬು. ಉಳಿದದ್ದು ಕೊಲೆಸ್ಟ್ರಾಲ್ ಮತ್ತು ಕೊಬ್ಬಿನ ಆಮ್ಲಗಳು. ರಕ್ತದಲ್ಲಿ ಇರಬಾರದು ಅಂತ ಹೆದರುವ ಕೊಲೆಸ್ಟ್ರಾಲ್ ಇಲ್ಲಿ ಇರಲೇಬೇಕು. ಗೋಡೆ ಕಟ್ಟಿದ ಮೇಲೂ ಫಿಲಾಗ್ರಿನ್‌ನ ಕೆಲಸ ಮುಗಿಯುವುದಿಲ್ಲ. ಅದು ಒಡೆದು ಸಣ್ಣ ಸಣ್ಣ ಅಮೈನೋ ಆಮ್ಲಗಳಾಗಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. 2006ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ಸಂಶೋಧಕರ ತಂಡ ಒಂದು ದೊಡ್ಡ ವಿಷಯ ತೋರಿಸಿತು. ಫಿಲಾಗ್ರಿನ್ ಜೀನ್‌ನಲ್ಲಿ ದೋಷ ಇರುವವರಲ್ಲಿ ಎಕ್ಸಿಮಾ, ಅಂದರೆ ಇಸಬು, ಬರುವ ಸಾಧ್ಯತೆ ಬಹಳ ಜಾಸ್ತಿ. ಅಲ್ಲಿಯವರೆಗೆ ಇಸಬನ್ನು ಮುಖ್ಯವಾಗಿ ರಕ್ಷಣಾ ವ್ಯವಸ್ಥೆಯ ಕಾಯಿಲೆ ಎಂದೇ ನೋಡುತ್ತಿದ್ದರು. ಗೋಡೆಯ ಬಿರುಕೇ ಮೊದಲ ಕಾರಣ ಇರಬಹುದು ಅನ್ನುವ ಯೋಚನೆಗೆ ಆಗ ಬಲ ಬಂತು.

ಹಾಗಾದರೆ ಹುಟ್ಟಿದ ದಿನದಿಂದಲೇ ಮಗುವಿಗೆ ಕ್ರೀಮ್ ಹಚ್ಚಿ ಗೋಡೆಯನ್ನು ಗಟ್ಟಿ ಮಾಡಿದರೆ ಇಸಬು ತಡೆಯಬಹುದಲ್ವಾ? ಕೇಳಲು ಸರಿ ಅನ್ನಿಸುತ್ತದೆ. ಬ್ರಿಟನ್ನಿನಲ್ಲಿ ಸುಮಾರು 1,400 ಹಸುಗೂಸುಗಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದರು. 2020ರಲ್ಲಿ ಬಂದ ಫಲಿತಾಂಶ ನಿರಾಸೆ ತಂದಿತು. ದಿನವೂ ಮಾಯಿಶ್ಚರೈಸರ್ ಹಚ್ಚಿದ ಮಕ್ಕಳಲ್ಲೂ ಇಸಬು ಕಡಿಮೆ ಆಗಿರಲಿಲ್ಲ. ಇಸಬು ಬಂದ ಮೇಲೆ ಮಾಯಿಶ್ಚರೈಸರ್ ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಕೋಶಗಳು ಒಳಗಿನಿಂದ ಕಟ್ಟುವ ಗೋಡೆ ಒಂದು, ನಾವು ಹೊರಗಿನಿಂದ ಬಳಿಯುವ ತೇಪೆ ಇನ್ನೊಂದು.

ಆರು ಬಾಟಲಿಗಳು ಮಾಡಿದ್ದೇನು

ಈಗ ಕನ್ನಡಿಯ ಕೆಳಗಿನ ಸಾಲಿಗೆ ವಾಪಸ್ ಬರೋಣ. ಆರೋಗ್ಯವಾಗಿರುವ ಚರ್ಮದ ಮೇಲ್ಮೈ ತುಸು ಆಮ್ಲೀಯ. ಪಿಎಚ್ 5ರ ಆಸುಪಾಸು. ಗಾರೆ ತಯಾರಿಸುವ ಕಿಣ್ವಗಳಿಗೆ ಈ ಹುಳಿಯೇ ಬೇಕು. ಮಾಮೂಲಿ ಸೋಪಿನ ಪಿಎಚ್ 9ರಿಂದ 10. ತೊಳೆದಾಗಲೆಲ್ಲ ಆ ಹುಳಿ ಕೆಲವು ಗಂಟೆ ಕೆಡುತ್ತದೆ. ನೊರೆ ಬರಿಸುವ ವಸ್ತುಗಳು ಕೊಳೆಯ ಜೊತೆ ಗಾರೆಯನ್ನೂ ಎಳೆದುಕೊಂಡು ಹೋಗುತ್ತವೆ. ಮುಖ ತೊಳೆದ ಮೇಲೆ ಚರ್ಮ ಬಿಗಿದ ಹಾಗೆ ಅನ್ನಿಸುತ್ತದಲ್ವಾ, ಅದನ್ನೇ ನಾವು ಸ್ವಚ್ಛವಾಯಿತು ಅಂದುಕೊಳ್ಳುತ್ತೇವೆ. ಅದು ನೀರು ಕಳೆದುಕೊಂಡ ಹೆಂಚುಗಳು ಮುದುಡುವ ಬಿಗಿತ.

ಸ್ಕ್ರಬ್ ಹೆಂಚುಗಳನ್ನೇ ಕಿತ್ತು ಹಾಕುತ್ತದೆ. ಗ್ಲೈಕೋಲಿಕ್ ಆ್ಯಸಿಡ್ ಹೆಂಚು ಹೆಂಚಿನ ನಡುವಿನ ಹಿಡಿತವನ್ನು ಸಡಿಲ ಮಾಡುತ್ತದೆ. ರೆಟಿನಾಲ್ ತಳದ ಕೋಶಗಳಿಗೆ ಬೇಗ ಬೇಗ ಒಡೆಯಿರಿ ಅಂತ ಸೂಚನೆ ಕೊಡುತ್ತದೆ. ಒಂದೊಂದಕ್ಕೂ ಅದರದೇ ಜಾಗವಿದೆ. ಮೊಡವೆಗೆ, ಬಿಸಿಲಿನಿಂದ ಹಾಳಾದ ಚರ್ಮಕ್ಕೆ ವೈದ್ಯರು ಇವನ್ನು ಲೆಕ್ಕ ಹಾಕಿ, ನಿಧಾನವಾಗಿ ಕೊಡುತ್ತಾರೆ. ಆದರೆ ಮೂರನ್ನೂ ಒಂದೇ ದಿನ ಹಚ್ಚಿದರೆ? ಕೆಳಗೆ ಕೋಶಗಳಿಗೆ ಅವಸರ, ಮೇಲೆ ಗೋಡೆಯೇ ಇಲ್ಲ. ಅರ್ಧ ಬೆಂದ ಇಟ್ಟಿಗೆಯಿಂದ ಕಟ್ಟಿದ ಹಾಗೆ.

ಗೋಡೆ ಒಡೆದ ಕೂಡಲೇ ಹರಳುಪದರದ ಕೋಶಗಳು ಕೂಡಿಟ್ಟ ಕೊಬ್ಬನ್ನು ಸುರಿದು ತೂತು ಮುಚ್ಚಲು ಶುರುಮಾಡುತ್ತವೆ. ಮೊದಲ ದುರಸ್ತಿ ಕೆಲವೇ ಗಂಟೆಗಳಲ್ಲಿ ಕಾಣುತ್ತದೆ, ಪೂರ್ತಿ ಆಗಲು ಕೆಲವು ದಿನ ಬೇಕು. ದಿನಕ್ಕೆರಡು ಸಲ ಒಡೆಯುತ್ತಲೇ ಇದ್ದರೆ ಆ ಕೆಲವು ದಿನ ಸಿಗುವುದೇ ಇಲ್ಲ. ಎಪಿಡರ್ಮಿಸ್‌ನಲ್ಲಿ ರಕ್ತನಾಳ ಇಲ್ಲ ಅಂದೆ, ನರದ ತುದಿಗಳು ಮಾತ್ರ ಇವೆ. ಬೆತ್ತಲೆ ಎಳೆಗಳಾಗಿ ಕೆರಾಟಿನೋಸೈಟ್‌ಗಳ ಸಂದಿಯಲ್ಲಿ ಮೇಲಿನವರೆಗೆ ಬಂದಿರುತ್ತವೆ. ಗೋಡೆ ಬಿರುಕು ಬಿಟ್ಟಾಗ ಬರೀ ನೀರು ಬಿದ್ದರೂ ಅವು ಕೂಗಿಕೊಳ್ಳುತ್ತವೆ. ಹುಡುಗಿ ಹೇಳಿದ ಉರಿ ಇದೇ.

ನೆನಪು ಇಟ್ಟುಕೊಳ್ಳುವ ಕೋಶ

1868ರಲ್ಲಿ ಬರ್ಲಿನ್‌ನಲ್ಲಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ ಚರ್ಮಕ್ಕೆ ಚಿನ್ನದ ಲವಣದ ಬಣ್ಣ ಹಾಕಿ ನೋಡುತ್ತಿದ್ದ. ಅಲ್ಲಲ್ಲಿ ಕೈ ಚಾಚಿದ ನಕ್ಷತ್ರದಂಥ ಕೋಶಗಳು ಕಂಡವು. ನರಕೋಶ ಇರಬೇಕು ಅಂದುಕೊಂಡ. ಅವು ಕಾವಲುಗಾರರು ಅಂತ ಗೊತ್ತಾಗಲು ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಇಂಥ ಡೆಂಡ್ರಿಟಿಕ್ ಕೋಶಗಳ ಕೆಲಸವನ್ನು ಬಿಡಿಸಿ ಹೇಳಿದ ರಾಲ್ಫ್ ಸ್ಟೈನ್‌ಮನ್‌ಗೆ 2011ರಲ್ಲಿ ನೊಬೆಲ್ ಬಂತು.

ಲ್ಯಾಂಗರ್‌ಹ್ಯಾನ್ಸ್ ಕೋಶ ಹೊರಗಿನಿಂದ ಬಂದದ್ದನ್ನು ಹಿಡಿದು, ಹತ್ತಿರದ ದುಗ್ಧಗ್ರಂಥಿಗೆ ಒಯ್ದು, ಅಲ್ಲಿರುವ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳಿಗೆ ತೋರಿಸುತ್ತದೆ. ರೋಗಾಣು ಆದರೆ ಒಳ್ಳೆಯದೇ. ಆದರೆ ಕ್ರೀಮಿನ ಸುವಾಸನೆಯ ಅಣುವೋ ಕೆಡದಂತೆ ಹಾಕಿದ ರಾಸಾಯನಿಕವೋ ಆದರೆ, ಟಿ ಕೋಶಗಳು ಅದನ್ನೂ ಶತ್ರು ಅಂತ ನೆನಪಿಡಬಹುದು. ಮೊದಲ ಸಲ ಹಚ್ಚಿದಾಗ ಏನೂ ಆಗುವುದಿಲ್ಲ. ತಿಂಗಳುಗಳ ನಂತರ ಒಂದು ದಿನ ಇದ್ದಕ್ಕಿದ್ದಂತೆ ಮುಖ ಊದಿಕೊಂಡು ತುರಿಕೆ ಶುರುವಾಗುತ್ತದೆ. "ಇಷ್ಟು ದಿನ ಹಚ್ಚಿದರೂ ಏನೂ ಆಗಿರಲಿಲ್ಲ" ಅಂತ ಜನ ಹೇಳುವುದು ಈ ಕಾರಣಕ್ಕೆ. ಹೀಗೆ ಹುಟ್ಟಿದ ಅಲರ್ಜಿ ಸಾಮಾನ್ಯವಾಗಿ ಜೀವಮಾನ ಪೂರ್ತಿ ಉಳಿಯುತ್ತದೆ. ಗೋಡೆ ಬಿರುಕು ಬಿಟ್ಟಿದ್ದಷ್ಟೂ ಒಳಗೆ ಹೋಗುವುದು ಜಾಸ್ತಿ. ಆರು ಬಾಟಲಿ ಅಂದರೆ ಹತ್ತಾರು ರಾಸಾಯನಿಕ. ಮಕ್ಕಳ ವಿಷಯದಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇದು. ಕೆನ್ನೆಯ ಕೆಂಪು ಹೋಗುತ್ತದೆ, ಈ ನೆನಪು ಹೋಗುವುದಿಲ್ಲ.

ಬಣ್ಣ ಕೊಡುವ ಕೋಶದ ಮೇಲೆ ಯಾಕಿಷ್ಟು ಕೋಪ

ತಳದ ಸಾಲಿನಲ್ಲೇ ಮೆಲನೋಸೈಟ್‌ಗಳೂ ಇವೆ. ಒಂದು ಮೆಲನೋಸೈಟ್ ತನ್ನ ಉದ್ದ ಕೈಗಳನ್ನು ಚಾಚಿ ಮೂವತ್ತು ನಲವತ್ತು ಕೆರಾಟಿನೋಸೈಟ್‌ಗಳಿಗೆ ಮೆಲನಿನ್ ಎಂಬ ಬಣ್ಣದ ಪೊಟ್ಟಣಗಳನ್ನು ಹಂಚುತ್ತದೆ. ಪೊಟ್ಟಣ ತೆಗೆದುಕೊಂಡ ಕೋಶ ಅದನ್ನು ತನ್ನ ನ್ಯೂಕ್ಲಿಯಸ್ ಮೇಲೆ, ಬಿಸಿಲು ಬರುವ ಕಡೆಗೆ, ಕೊಡೆ ಹಿಡಿದ ಹಾಗೆ ಇಟ್ಟುಕೊಳ್ಳುತ್ತದೆ. ಕೊಡೆಯ ಕೆಳಗಿರುವುದು ಡಿಎನ್‌ಎ. ನೇರಳಾತೀತ ಕಿರಣ ತಗುಲಿದರೆ ಡಿಎನ್‌ಎ ಎಳೆಯಲ್ಲಿ ಪಕ್ಕಪಕ್ಕದ ಕೊಂಡಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ತಪ್ಪು ಸರಿಯಾಗದೆ ಉಳಿದರೆ ಮುಂದೆ ಕ್ಯಾನ್ಸರ್ ಆಗಬಹುದು.

ಕಪ್ಪು ಚರ್ಮದವರಲ್ಲೂ ಬಿಳಿ ಚರ್ಮದವರಲ್ಲೂ ಮೆಲನೋಸೈಟ್‌ಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಪೊಟ್ಟಣಗಳ ಗಾತ್ರ, ಅದರೊಳಗಿನ ಮೆಲನಿನ್, ಅವು ಹರಡುವ ರೀತಿ ಮಾತ್ರ ಬೇರೆ. ಮನುಷ್ಯರು ಮನುಷ್ಯರನ್ನು ಬಣ್ಣದಿಂದ ಅಳೆದ ಇಡೀ ಇತಿಹಾಸ ನಿಂತಿರುವುದು ಈ ಪೊಟ್ಟಣಗಳ ಗಾತ್ರದ ಮೇಲೆ ಅಂತ ನೆನೆದರೆ ಮನಸ್ಸು ಭಾರವಾಗುತ್ತದೆ.

ಬಿಳಿಯಾಗಿಸುವ ಕ್ರೀಮುಗಳು ಗುರಿ ಇಡುವುದು ಈ ಕೋಶದ ಮೇಲೆ. ಕೆಲವಕ್ಕೆ ಪಾದರಸ ಬೆರೆಸುತ್ತಾರೆ. ಮೆಲನಿನ್ ತಯಾರಿಸುವ ಕಿಣ್ವವನ್ನು ಅದು ತಡೆಯುತ್ತದೆ, ಜೊತೆಗೆ ಚರ್ಮದ ಮೂಲಕ ಒಳಗೆ ಹೋಗಿ ಮೂತ್ರಪಿಂಡ ಮತ್ತು ನರಗಳನ್ನು ಹಾಳು ಮಾಡುತ್ತದೆ. ಪಾದರಸ ಬೆರೆಸಿದ ಎಲ್ಲ ಸೌಂದರ್ಯವರ್ಧಕಗಳ ತಯಾರಿಕೆ ಮತ್ತು ವ್ಯಾಪಾರವನ್ನು 2025ರೊಳಗೆ ನಿಲ್ಲಿಸಬೇಕು ಅಂತ, ಪಾದರಸಕ್ಕೆ ಕಡಿವಾಣ ಹಾಕುವ ಮಿನಾಮಾಟಾ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿದವು. ಇನ್ನು ಕೆಲವದರಲ್ಲಿ ಜೋರಾದ ಸ್ಟೀರಾಯ್ಡ್ ಇರುತ್ತದೆ. ಮೊದಲ ಕೆಲವು ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ರಕ್ತನಾಳಗಳು ಕೆಂಪು ದಾರದ ಹಾಗೆ ಎದ್ದು ಕಾಣುತ್ತವೆ. ಹಚ್ಚುವುದನ್ನು ನಿಲ್ಲಿಸಿದರೆ ಮುಖ ಉರಿದು ಕೆಂಪಾಗುತ್ತದೆ. ಆ ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ.

ಉಜ್ಜಿ ಬೆಳ್ಳಗಾಗಲು ಹೊರಟವರಿಗೆ ಆಗುವುದು ಇದರ ಉಲ್ಟಾ. ಚರ್ಮಕ್ಕೆ ಗಾಯ, ಉರಿ, ಊತ ಆದಾಗ ಮೆಲನೋಸೈಟ್‌ಗಳು ಕೆರಳಿ ಮೆಲನಿನ್ ಜಾಸ್ತಿ ಮಾಡುತ್ತವೆ. ಕಂದು, ಕಪ್ಪು ಚರ್ಮದಲ್ಲಿ ಇದು ಇನ್ನೂ ಹೆಚ್ಚು. ಮೊಡವೆ ಹೋದರೂ ಅದರ ಕಲೆ ತಿಂಗಳುಗಟ್ಟಲೆ ಉಳಿಯುವುದು ಹೀಗೆ. ಕಲೆ ಹೋಗಲಿ ಅಂತ ಉಜ್ಜಿದಷ್ಟೂ ಕಲೆ ಕಪ್ಪಾಗುತ್ತದೆ.

ಕೊಲಾಜನ್ ಇರುವ ಮನೆ ಕೆಳಗಿದೆ

ಎಪಿಡರ್ಮಿಸ್‌ನ ಕೆಳಗಿರುವುದು ಡರ್ಮಿಸ್. ರಕ್ತನಾಳ, ಬೆವರಿನ ಗ್ರಂಥಿ, ಕೂದಲ ಬುಡ, ಜಿಡ್ಡಿನ ಗ್ರಂಥಿ ಎಲ್ಲ ಇಲ್ಲಿವೆ. ಚರ್ಮ ಹಿಗ್ಗಿ ಕುಗ್ಗುವುದು, ಗಟ್ಟಿಯಾಗಿರುವುದು ಇದರಿಂದ. ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಇಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ನೇಯುತ್ತವೆ. ನೀರು ತೆಗೆದು ತೂಗಿದರೆ ಡರ್ಮಿಸ್‌ನ ಮುಕ್ಕಾಲು ಪಾಲು ಕೊಲಾಜನ್ನೇ. ದೊಡ್ಡವರಾದ ಮೇಲೆ ಅದು ವರ್ಷಕ್ಕೆ ಸುಮಾರು ಶೇ 1ರಂತೆ ಇಳಿಯುತ್ತಾ ಬರುತ್ತದೆ.

ಹಾಗಾದರೆ ಕೊಲಾಜನ್ ಕ್ರೀಮ್ ಹಚ್ಚಬಹುದಲ್ಲ? ಇಲ್ಲೇ ನಮ್ಮ ಎರಡು ಪ್ರಶ್ನೆಗಳು ಕೆಲಸಕ್ಕೆ ಬರುತ್ತವೆ. ಚರ್ಮದ ಹೊರಗೋಡೆ ದಾಟಬೇಕಾದರೆ ಅಣುವಿನ ತೂಕ ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಅಂದರೆ ಅಣುಗಳನ್ನು ತೂಗುವ ಅಳತೆ) ಕಡಿಮೆ ಇರಬೇಕು. 2000ದಲ್ಲಿ ಇಬ್ಬರು ಡಚ್ ವಿಜ್ಞಾನಿಗಳು ಮುಂದಿಟ್ಟ ಈ ಲೆಕ್ಕ ಇವತ್ತಿಗೂ ಚಾಲ್ತಿಯಲ್ಲಿದೆ. ಕೊಲಾಜನ್ ಅಣುವಿನ ತೂಕ ಸುಮಾರು 3,00,000 ಡಾಲ್ಟನ್. ಬಾಗಿಲ ಸಂದಿಯಲ್ಲಿ ಆನೆ ನುಗ್ಗಿಸಿದ ಹಾಗೆ. ಅದು ಮೇಲೆಯೇ ಕೂತು ಸ್ವಲ್ಪ ಹೊತ್ತು ತೇವ ಹಿಡಿಯುತ್ತದೆ, ಅಷ್ಟೇ. ಫೈಬ್ರೋಬ್ಲಾಸ್ಟ್‌ಗೆ ಅದರ ಸುದ್ದಿಯೂ ತಲುಪುವುದಿಲ್ಲ.

ರೆಟಿನಾಲ್ ಅಣು 300 ಡಾಲ್ಟನ್‌ಗಿಂತ ಚಿಕ್ಕದು. ಒಳಗೆ ಹೋಗುತ್ತದೆ. ಈ ಗುಂಪಿನ ಔಷಧಿಗಳು ಫೈಬ್ರೋಬ್ಲಾಸ್ಟ್‌ಗಳಿಂದ ಹೆಚ್ಚು ಕೊಲಾಜನ್ ಮಾಡಿಸುತ್ತವೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷ್ಯ ಇದೆ. ಐವತ್ತರವರಿಗೆ ಅದರಿಂದ ಲಾಭವಿದೆ. 12 ವರ್ಷದ ಕೆನ್ನೆಯಲ್ಲಿ ಫೈಬ್ರೋಬ್ಲಾಸ್ಟ್‌ಗಳು ಆಗಲೇ ಭರ್ತಿ ಕೆಲಸದಲ್ಲಿವೆ. ಅಲ್ಲಿ ಸಿಗುವುದು ಸುಮ್ನೆ ಉರಿ.

ಕೊಲಾಜನ್ ಉಳಿಸಿಕೊಳ್ಳಲು ಎಲ್ಲಕ್ಕಿಂತ ಮೊದಲು ತಡೆಯಬೇಕಾದ್ದು ಬಿಸಿಲು. ಅದರ ನೇರಳಾತೀತ ಕಿರಣಗಳಲ್ಲಿ ಯುವಿಬಿ ಹೆಚ್ಚಾಗಿ ಎಪಿಡರ್ಮಿಸ್‌ನಲ್ಲೇ ನಿಲ್ಲುತ್ತದೆ. ಯುವಿಎ ಡರ್ಮಿಸ್‌ವರೆಗೂ ಇಳಿದು ಕೊಲಾಜನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಕಿಟಕಿಯ ಗಾಜನ್ನೂ ಅದು ದಾಟಿ ಬರುತ್ತದೆ. ರೆಟಿನಾಲ್, ಗ್ಲೈಕೋಲಿಕ್ ಆ್ಯಸಿಡ್ ಹಚ್ಚಿದ ಚರ್ಮಕ್ಕೆ ಬಿಸಿಲು ಇನ್ನೂ ಬೇಗ ನಾಟುತ್ತದೆ. ಆರು ಬಾಟಲಿ ಇದ್ದು ಸನ್‌ಸ್ಕ್ರೀನ್ ಇಲ್ಲದ ಸಾಲು ನನ್ನನ್ನು ಕಾಡಿದ್ದು ಇದಕ್ಕೆ.

ತಳದ ಸಾಲಿನಲ್ಲಿರುವ ಶಕ್ತಿ ಎಂಥದ್ದು ಅನ್ನುವುದಕ್ಕೆ ಒಂದು ನಿಜಘಟನೆ ಇದೆ. ಜರ್ಮನಿಯಲ್ಲಿ 7 ವರ್ಷದ ಒಬ್ಬ ಹುಡುಗನಿಗೆ ಹುಟ್ಟಿನಿಂದಲೇ ಎಪಿಡರ್ಮಿಸ್ ಕೆಳಗಿನ ಪದರಕ್ಕೆ ಅಂಟಿಕೊಳ್ಳದ ಕಾಯಿಲೆ. ಮೈಯ ಹೆಚ್ಚಿನ ಭಾಗದ ಚರ್ಮ ಕಿತ್ತುಹೋಗಿತ್ತು. ಇಟಲಿಯ ಮಿಕೆಲೆ ಡೆ ಲೂಕಾ ಅವರ ತಂಡ ಅವನ ಚರ್ಮದಿಂದ 4 ಚದರ ಸೆಂಟಿಮೀಟರ್ ತುಂಡು ತೆಗೆದು, ಕೋಶಗಳಲ್ಲಿನ ಜೀನ್ ದೋಷ ಸರಿಪಡಿಸಿ, ಹಾಳೆ ಹಾಳೆಯಾಗಿ ಬೆಳೆಸಿತು. ಮೈಯ ಶೇ 80ರಷ್ಟು ಭಾಗಕ್ಕೆ ಆ ಹೊಸ ಚರ್ಮ ಹೊದಿಸಿದರು. ಅದು ನಿಂತಿತು. 2017ರಲ್ಲಿ ಪ್ರಕಟವಾದ ವರದಿಯಲ್ಲಿ ಇನ್ನೊಂದು ವಿಷಯವೂ ಗೊತ್ತಾಯಿತು. ಹೊದಿಸಿದ ಕೋಟ್ಯಂತರ ಕೋಶಗಳಲ್ಲಿ ಬಹುಪಾಲು ಕೆಲವೇ ತಿಂಗಳಲ್ಲಿ ಉದುರಿಹೋಗಿದ್ದವು. ಇಡೀ ಚರ್ಮವನ್ನು ಹೊಸದು ಮಾಡುತ್ತಾ ಉಳಿದದ್ದು ಅವುಗಳ ನಡುವಿನ ಸಣ್ಣ ಗುಂಪಿನ ಕಾಂಡಕೋಶಗಳು.

ಅಕ್ಕನ ಮಗಳಿಗೆ ಈ ಹುಡುಗನ ಕಥೆ ಹೇಳಿದೆ. ಅಂಟುಪಟ್ಟಿಯ ಮಬ್ಬನ್ನೂ ಬೆಳಕಿಗೆ ಹಿಡಿದು ತೋರಿಸಿದೆ, ಕೆನ್ನೆಗಲ್ಲ, ನನ್ನ ಕೈಗೆ ಅಂಟಿಸಿ. ಚರ್ಮದ ವೈದ್ಯರೂ ಹೇಳಿದ್ದು ಸರಳವಾಗಿತ್ತು. ಐದು ಬಾಟಲಿ ಒಳಗಿಡು. ಸುವಾಸನೆ ಇಲ್ಲದ ಮೃದುವಾದ ಕ್ಲೆನ್ಸರ್, ಸಾದಾ ಮಾಯಿಶ್ಚರೈಸರ್, ಹಗಲಲ್ಲಿ ಸನ್‌ಸ್ಕ್ರೀನ್. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ದಿನ ಬೇಕು ಚಿಕ್ಕಮ್ಮಾ?" ತಳದಿಂದ ಮೇಲಕ್ಕೆ ಬರುವ ನಾಲ್ಕರಿಂದ ಆರು ವಾರದ ಲೆಕ್ಕ ಹೇಳಿದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಳು.

ಐದನೇ ವಾರ ಫೋನ್ ಮಾಡಿದಳು. ಕೆಂಪು ಕಡಿಮೆಯಾಗಿದೆ, ಎಡಗೆನ್ನೆಯ ಮೇಲೆ ಎರಡು ಕಪ್ಪು ಕಲೆ ಉಳಿದಿವೆ ಅಂದಳು. ಅವನ್ನು ಉಜ್ಜಬೇಡ ಅಂದೆ. "ಉಜ್ಜಲ್ಲ. ನೀರು ಹಾಕಿದ್ರೆ ಈಗ ತಣ್ಣಗಿರುತ್ತೆ" ಅಂದಳು.